ನಲ್ಲಿಗೆ ಮೀಟರು, ಫ್ಲಶ್ಶಿಗೆ ಅಂದಾಜು

ಬೆಂಗಳೂರಿನಲ್ಲಿ ಮನೆಯೊಳಗೆ ಬರುವ ನೀರಿಗೆ ಮೀಟರ್ ಇದೆ. ಹೊರಗೆ ಹೋಗುವುದಕ್ಕೆ ಇಲ್ಲ. ಆದರೆ ಹೊರಗೆ ಹೋಗುವುದಕ್ಕೂ ಬಿಲ್ಲು ಬರುತ್ತದೆ. ಅಳೆಯದೆ ಬಿಲ್ಲು ಹಾಕುವುದು ಹೇಗೆ ಅಂತ ಕೇಳಬೇಡಿ. ಒಳಗೆ ಬಂದದ್ದು ಹೊರಗೆ ಹೋಗಲೇಬೇಕಲ್ವಾ? ಹಾಗಾಗಿ ಮುಂಬಾಗಿಲಲ್ಲಿ ಅಳೆದು ಹಿತ್ತಿಲಿಗೆ ಚೀಟಿ ಹರಿಯುತ್ತಾರೆ.

ಇದಕ್ಕೆ ಎಂಜಿನಿಯರುಗಳ ಹತ್ತಿರ ಒಂದು ಸೂತ್ರವೂ ಇದೆ. ನೂರು ಲೀಟರ್ ನೀರು ಕೊಟ್ಟರೆ ಎಂಬತ್ತು ಲೀಟರ್ ಚರಂಡಿಗೆ ಬರುತ್ತದೆ ಅಂತ ಲೆಕ್ಕ. ಊರೂರಲ್ಲಿ ಒಳಚರಂಡಿ ಕೊಳವೆ ಎಷ್ಟು ದಪ್ಪ ಇರಬೇಕು ಅಂತ ಗೊತ್ತುಮಾಡುವುದು ಹೆಚ್ಚುಕಡಿಮೆ ಹೀಗೇ. ಉಳಿದ ಇಪ್ಪತ್ತು ಲೀಟರ್ ತುಳಸಿ ಗಿಡಕ್ಕೆ, ಒಣಗುವ ಬಟ್ಟೆಯಿಂದ ಗಾಳಿಗೆ, ಬಾಗಿಲಿಗೆ ಹಾಕಿದ ನೀರಿನ ಜೊತೆ ರಸ್ತೆಗೆ. ಕುಡಿದ ಕಾಫಿ ಮೊದಲು ಇಪ್ಪತ್ತರ ಕಡೆ ಇರುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಎಂಬತ್ತರ ಕಡೆಗೆ ಬರುತ್ತದೆ.

ಸರಿ, ಬಿಲ್ಲಿಗೆ ಬರೋಣ. 2014ರಲ್ಲಿ ಗೊತ್ತುಮಾಡಿದ ದರ ಹನ್ನೊಂದನೇ ವರ್ಷಕ್ಕೆ ಕಾಲಿಡುವವರೆಗೂ ಅಲ್ಲಾಡಲಿಲ್ಲ. ಮನೆಗಳಿಗೆ ಮೊದಲ 8,000 ಲೀಟರಿನವರೆಗೆ ಸಾವಿರ ಲೀಟರಿಗೆ 7 ರೂಪಾಯಿ. ಏಳೆಂಟ್ಲ ಐವತ್ತಾರು. ಅದರ ಕಾಲು ಭಾಗ, ಅಂದರೆ 14 ರೂಪಾಯಿ, ಒಳಚರಂಡಿಗೆ. ಒಂದು ಇಡೀ ಕುಟುಂಬದ ಒಂದು ತಿಂಗಳ ಸ್ನಾನ, ಪಾತ್ರೆ, ಬಟ್ಟೆ ಮತ್ತು ಹೇಳಬಾರದ್ದೆಲ್ಲವನ್ನೂ ಕೊಳವೆಯಲ್ಲಿ ಹೊತ್ತೊಯ್ದು, ಪಂಪು ಮಾಡಿ, ಗಾಳಿ ಊದಿ, ಕೆಸರು ಬೇರ್ಪಡಿಸಿ, ಶುದ್ಧ ಮಾಡಿ ಬಿಡುವುದಕ್ಕೆ 14 ರೂಪಾಯಿ. ಬಸ್ ಸ್ಟ್ಯಾಂಡಿನ ಶೌಚಾಲಯದಲ್ಲಿ ಮೂರು ಸಲ ಹೋಗಿ ಬಂದರೆ ಅಷ್ಟಾಗುತ್ತದೆ. ಅಲ್ಲಿ ಚಿಲ್ಲರೆ ಇಲ್ಲ ಅಂತ ಬೈಸಿಕೊಳ್ಳುವುದು ಬೇರೆ.

ಇಷ್ಟು ಅಗ್ಗವಾಗಿ ಹತ್ತು ವರ್ಷಕ್ಕೂ ಜಾಸ್ತಿ ಇಟ್ಟದ್ದು ಜನರ ಮೇಲಿನ ಪ್ರೀತಿಯಿಂದಲೇ. ಜಲಮಂಡಳಿ ದರ ಹೆಚ್ಚಿಸಿ ಅಂತ ಬರೆಯಬಹುದು, ಒಪ್ಪಬೇಕಾದ್ದು ಸರ್ಕಾರ. ಸರ್ಕಾರಕ್ಕೆ ಯಾವಾಗಲೂ ಒಂದಲ್ಲ ಒಂದು ಚುನಾವಣೆ ಎದುರಿಗಿರುತ್ತದೆ. ವಿಧಾನಸಭೆ ಮುಗಿದರೆ ಲೋಕಸಭೆ, ಅದು ಮುಗಿದರೆ ಪಾಲಿಕೆ. ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದು ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಆದರೂ ಅದರ ಹೆದರಿಕೆ ಮಾತ್ರ ಸರಿಯಾಗಿ ನಡೆದುಕೊಂಡು ಬಂತು. ಚುನಾವಣೆ ಇಲ್ಲದೆಯೂ ಚುನಾವಣೆಗೆ ಹೆದರುವ ಕಲೆ ನಮ್ಮವರಿಗೆ ಮಾತ್ರ ಒಲಿದಿದೆ.

ವಿರೋಧ ಪಕ್ಷಕ್ಕೂ ಇಲ್ಲೊಂದು ಕಷ್ಟವಿದೆ. ನೀರಿನ ದರ ಏರಿದರೆ ಖಾಲಿ ಕೊಡ ಹಿಡಿದು ಫ್ರೀಡಂ ಪಾರ್ಕಿಗೆ ಬರಬಹುದು. ಫೋಟೊ ಚೆನ್ನಾಗಿ ಬರುತ್ತದೆ. ಕರೆಂಟಿನ ದರಕ್ಕೆ ಲಾಂದ್ರ, ಪೆಟ್ರೋಲಿಗೆ ಎತ್ತಿನ ಗಾಡಿ, ಗ್ಯಾಸಿಗೆ ಸೌದೆ ಒಲೆ. ಒಳಚರಂಡಿ ದರಕ್ಕೆ ಏನು ಹಿಡಿದು ಬರುವುದು? ಖಾಲಿಯಾಗಿ ತಂದರೆ ಅರ್ಥ ಆಗುವುದಿಲ್ಲ. ತುಂಬಿಸಿ ತಂದರೆ ಪಕ್ಕದಲ್ಲಿ ಯಾರೂ ನಿಲ್ಲುವುದಿಲ್ಲ. ಈ ಶುಲ್ಕದ ಬಗ್ಗೆ ಈವರೆಗೆ ಒಂದು ದೊಡ್ಡ ಚಳವಳಿ ಹುಟ್ಟದೇ ಇರುವುದಕ್ಕೆ ನನಗೆ ಕಾಣುವ ಕಾರಣ ಇದೇ.

ಕೊನೆಗೆ 2025ರ ಏಪ್ರಿಲಿನಲ್ಲಿ ದರ ಏರಿತು. ಹೇಗೆ ಏರಿಸಿದರು ನೋಡಿ. ಮೊದಲ 8,000 ಲೀಟರಿನ ಮನೆಗಳಿಗೆ ಲೀಟರಿಗೆ 0.15 ಪೈಸೆ. ಅದರ ಮೇಲೆ 25,000 ಲೀಟರಿನವರೆಗೆ 0.40 ಪೈಸೆ. ಪೈಸೆಯಲ್ಲೂ ದಶಾಂಶ! 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರ ಜೂನಿನಲ್ಲೇ ಮುಗಿದಿದೆ. ಈಗ ಇಲ್ಲದ ಒಂದು ಪೈಸೆ ನಾಣ್ಯದ ಆರನೇ ಒಂದು ಭಾಗವನ್ನೂ ಮುಟ್ಟದಷ್ಟು ಏರಿಸಿದ್ದೇವೆ, ನೋವಾಯಿತಾ ಅಂತ ಕೇಳುವ ಧಾಟಿ ಇದು. ಮುಂದೆ ಪ್ರತಿ ವರ್ಷ ಶೇಕಡಾ 3 ತಾನಾಗಿಯೇ ಏರಲಿ ಅಂತಲೂ ಆಯಿತು. ಪ್ರತಿ ಏಪ್ರಿಲ್ 1ಕ್ಕೆ. ದಿನ ಆರಿಸಿದವರಿಗೆ ತಮಾಷೆ ಗೊತ್ತಿದೆ.

ಇನ್ನು ಅಸಲು ವಿಷಯ. ಮನೆಗೆ ಒಂದು ದರ, ಅಂಗಡಿಗೆ ಇನ್ನೊಂದು ದರ. ಹಳೆಯ ಪಟ್ಟಿಯಲ್ಲಿ ಮನೆಯ ನೀರು ಸಾವಿರ ಲೀಟರಿಗೆ 7 ರೂಪಾಯಿಯಿಂದ ಶುರುವಾದರೆ ‘ಗೃಹೇತರ’ ನೀರು 50 ರೂಪಾಯಿಯಿಂದ ಶುರು. ಒಳಚರಂಡಿ ಶುಲ್ಕ ನೀರಿನ ಬಿಲ್ಲಿನ ಬಾಲ. ಹಾಗಾಗಿ ಅದೂ ಅಷ್ಟೇ ಉದ್ದ. ವ್ಯಾಪಾರ ಮಾಡುವವನು ಜಾಸ್ತಿ ಕೊಡಲಿ, ಬಡವನ ಮನೆಗೆ ಕಮ್ಮಿ ಇರಲಿ ಎನ್ನುವುದು ಒಳ್ಳೆಯ ಯೋಚನೆಯೇ. ನನ್ನ ತಕರಾರು ಅದಕ್ಕಲ್ಲ. ನೀರಿಗೆ ಮನೆ, ಅಂಗಡಿ ಅಂತ ಭೇದ ಮಾಡಬಹುದು. ಆದರೆ ಒಬ್ಬ ಮನುಷ್ಯ ಒಂದೇ ಹೊಟ್ಟೆ ಇಟ್ಟುಕೊಂಡು ದಿನವಿಡೀ ಮನೆಗೂ ಅಂಗಡಿಗೂ ಓಡಾಡುತ್ತಾನಲ್ಲ, ಅವನನ್ನು ಯಾವ ಕಾಲಮ್ಮಿಗೆ ಹಾಕುವುದು?

ಬೆಳಿಗ್ಗೆ ದರ್ಶಿನಿಯಲ್ಲಿ ಖಾರಾಬಾತ್ ತಿನ್ನುತ್ತಾನೆ. ಅದು ಗೃಹೇತರ. ದರ್ಶಿನಿಯಲ್ಲಿ ಕೈ ತೊಳೆಯಲು ಜಾಗ ಇರುತ್ತದೆ, ಅದಕ್ಕಿಂತ ಹೆಚ್ಚಿನದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಮುಂದಿನ ಕೆಲಸ ಮನೆಯಲ್ಲಿ, ಗೃಹ ಬಳಕೆ ದರದಲ್ಲಿ. ಆಫೀಸಿನಲ್ಲಿ ಕುಡಿದ ನೀರು ಆಫೀಸಿನಲ್ಲೇ ಹೋದರೆ ಕಂಪನಿಗೆ ಖರ್ಚು. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ತಡೆದುಕೊಂಡು ಮನೆಗೇ ಬಂದರೆ ಕಂಪನಿಗೆ ಉಳಿತಾಯ. 2020ರಲ್ಲಿ ವರ್ಕ್ ಫ್ರಂ ಹೋಮ್ ಬಂತು. ಐಟಿ ಕಂಪನಿಗಳ ಚರಂಡಿ ರಾತ್ರೋರಾತ್ರಿ ಜಯನಗರ, ವಿಜಯನಗರ, ಯಲಹಂಕದ ಮನೆಗಳಿಗೆ ವರ್ಗವಾಯಿತು. ಅಮೆರಿಕದ ಕ್ಲೈಂಟಿಗಾಗಿ ಕೂತವನ ಫ್ಲಶ್ಶಿಗೆ ಅಪ್ಪನ ಹೆಸರಿನ ಆರ್‌ಆರ್ ನಂಬರಿನ ಮೇಲೆ ಬಿಲ್ಲು ಬಂತು.

ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡ ಮನೆಗಳ ಕಥೆ ಬೇರೆ. ಮೀಟರ್ ನೋಡಲು ಬಂದವರು ಬಾಗಿಲಲ್ಲಿ ನಿಂತು ಒಳಗೆ ಇಣುಕುತ್ತಾರೆ ಅಂತ ಇಟ್ಟುಕೊಳ್ಳಿ.

“ಅಮ್ಮಾ, ಇದು ಮನೆನಾ, ಅಂಗಡಿನಾ?”

“ಹತ್ತು ಗಂಟೆವರೆಗೂ ಮನೆ ಸಾರ್. ಆಮೇಲೆ ಬ್ಲೌಸ್ ಹೊಲಿಯೋರು ಬರ್ತಾರೆ.”

“ಬಂದೋರು ಬಾತ್‌ರೂಮ್ ಕೇಳ್ತಾರಾ?”

“ಅಳತೆ ಕೊಟ್ಟು ಹೋಗ್ತಾರಷ್ಟೆ. ಕೇಳಿದ್ರೆ ಇಲ್ಲ ಅಂತೀನಿ.”

“ಹಂಗಾದ್ರೆ ಮನೆ ಅಂತ ಬರ್ಕೊಳ್ತೀನಿ. ಗಣೇಶನ ಹಬ್ಬದ ಟೈಮಲ್ಲಿ ಮಾತ್ರ ಸ್ವಲ್ಪ ಅಂಗಡಿ.”

ಅವರ ಎದುರುಗಡೆಯೇ ನಾಲ್ಕಂತಸ್ತಿನ ಪಿಜಿ. ಪ್ರತಿ ಕೋಣೆಯಲ್ಲಿ ಮೂರು ಮಂಚ. ಓನರು ಗಂಭೀರವಾಗಿ ಹೇಳುತ್ತಾರೆ: “ಇಲ್ಲಿರೋರೆಲ್ಲ ನಮ್ಮ ಮಕ್ಕಳ ಥರ ಸಾರ್, ಒಂದೇ ಫ್ಯಾಮಿಲಿ.” ಅಷ್ಟು ದೊಡ್ಡ ಕುಟುಂಬ ಪುರಾಣದಲ್ಲೂ ಅಪರೂಪ. ತಿಂಗಳ ಬಾಡಿಗೆ ವಸೂಲಿ ಮಾಡುವ ದಿನ ಮಾತ್ರ ಅದು ವ್ಯವಹಾರ. ಚರಂಡಿಯ ವಿಷಯಕ್ಕೆ ಬಂದರೆ ಕೂಡುಕುಟುಂಬ.

ಇಷ್ಟಕ್ಕೇ ಮುಗಿಯಲಿಲ್ಲ. ನಲ್ಲಿಯ ನೀರಿಗಾದರೂ ಮೀಟರ್ ಇದೆ, ಅದರ ಬಾಲ ಹಿಡಿಯಬಹುದು. ಊರಿನ ಎಷ್ಟೋ ಬಡಾವಣೆಗಳಲ್ಲಿ ನೀರು ಬರುವುದು ಬೋರ್‌ವೆಲ್ಲಿನಿಂದ, ಇಲ್ಲವೇ ಟ್ಯಾಂಕರಿನಿಂದ. ಬೋರ್‌ವೆಲ್ಲಿನ ನೀರು ನೆಲದಡಿಯಿಂದ ಗುಟ್ಟಾಗಿ ಬಂದು ನೆಲದಡಿಯಲ್ಲೇ ಗುಟ್ಟಾಗಿ ಹೋಗುತ್ತದೆ. ಅದಕ್ಕೆ ತಿಂಗಳಿಗೆ ಇಷ್ಟು ಅಂತ ಒಂದು ಗಟ್ಟಿ ಮೊತ್ತ. ಒಂಟಿ ಅಜ್ಜಿಯ ಮನೆಗೂ ಅಷ್ಟೇ, ಮೇಲೆ ಮೂರು ಬಾಡಿಗೆ ಮನೆ ಕಟ್ಟಿದವನಿಗೂ ಅಷ್ಟೇ ಅಂತಾದರೆ ಅಜ್ಜಿಯೇ ಜಾಸ್ತಿ ಫ್ಲಶ್ ಮಾಡಿ ಲೆಕ್ಕ ಸರಿದೂಗಿಸಬೇಕು. ಟ್ಯಾಂಕರಿನ ನೀರಂತೂ ಮನೆಯ ಸಂಪಿನೊಳಗೆ ಬಿದ್ದ ಕ್ಷಣ ಕಾಗದದಿಂದ ಮಾಯ. 2024ರ ಮಾರ್ಚಿನ ಬರದಲ್ಲಿ 12,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ 1,000 ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಿತು. ಜನ ಅದಕ್ಕಿಂತ ಜಾಸ್ತಿಯೇ ಕೊಟ್ಟು ಥ್ಯಾಂಕ್ಸ್ ಹೇಳಿ ಕಳಿಸಿದರು. ಅದೇ ಜನ ಚರಂಡಿ ಶುಲ್ಕ ನಾಲ್ಕು ರೂಪಾಯಿ ಏರಿದರೆ ಪತ್ರಿಕೆಗೆ ವಾಚಕರ ಪತ್ರ ಬರೆಯುತ್ತಾರೆ. ಬರೆದವರಲ್ಲಿ ನನ್ನ ಗೆಳೆಯರೂ ಇದ್ದಾರೆ. ಭಾಷೆ ಚೆನ್ನಾಗಿತ್ತು.

ದುಡ್ಡು ಕೊಟ್ಟ ಮೇಲೆ ಸೇವೆ ಸಿಗಬೇಕಲ್ಲ. ಅದನ್ನೂ ನೋಡೋಣ. ಊರಿನಲ್ಲಿ ಎರಡು ದಾರಿಗಳಿವೆ. ಮಳೆನೀರಿಗೆ ರಾಜಕಾಲುವೆ, ಅದು ಪಾಲಿಕೆಯದು. ಕೊಳಚೆಗೆ ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ ಕೊಳವೆ, ಅದು ಜಲಮಂಡಳಿಯದು. ಬರಹದಲ್ಲಿ ಹೀಗಿದೆ. ನೆಲದಡಿಯಲ್ಲಿ ಇಬ್ಬರೂ ಮನೆ ಬದಲಾಯಿಸಿಕೊಂಡಿದ್ದಾರೆ. ತಾರಸಿಯ ಮಳೆನೀರಿನ ಪೈಪನ್ನು ಜನ ಸುಮ್ನೆ ಯುಜಿಡಿಗೆ ಸೇರಿಸಿಬಿಡುತ್ತಾರೆ. ಹಾಗಾಗಿ ಒಂದು ಒಳ್ಳೆ ಮಳೆ ಬಂದರೆ ಮ್ಯಾನ್‌ಹೋಲ್ ಮುಚ್ಚಳ ಎದ್ದು ಕುಣಿಯುತ್ತದೆ. ಯುಜಿಡಿ ತಲುಪದ ಕಡೆಯ ಕೊಳಚೆ, ತಲುಪಿದರೂ ಕಟ್ಟಿಕೊಂಡ ಕಡೆಯ ಕೊಳಚೆ ರಾಜಕಾಲುವೆಗೆ ಇಳಿಯುತ್ತದೆ. ಅಂದರೆ ಶುಲ್ಕ ಕೊಟ್ಟ ಕೊಳವೆಯಲ್ಲಿ ಮಳೆನೀರು, ಶುಲ್ಕವಿಲ್ಲದ ಕಾಲುವೆಯಲ್ಲಿ ಕೊಳಚೆ. ದೂರು ಕೊಡಲು ಹೋದರೆ ಇವರು ಅವರ ಕಡೆ, ಅವರು ಇವರ ಕಡೆ ಕೈ ತೋರಿಸುತ್ತಾರೆ. ಕಾರ್ಪೊರೇಟರ್ ಮನೆಗೆ ಹೋಗೋಣ ಅಂದರೆ ಆ ಹುದ್ದೆಯೇ 2020ರ ಸೆಪ್ಟೆಂಬರಿನಿಂದ ವರ್ಷಗಟ್ಟಲೆ ಖಾಲಿ ಇತ್ತು.

2007ರಲ್ಲಿ ಸುತ್ತಲಿನ 110 ಹಳ್ಳಿಗಳನ್ನು ಬೆಂಗಳೂರಿಗೆ ಸೇರಿಸಿಕೊಂಡರು. ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ಅಲ್ಲಿಗೆ ಹೊಳೆನೀರಿನ ದಾರಿ ತೆರೆದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ ಹದಿನೇಳು ವರ್ಷ ಅಲ್ಲಿನ ಎಷ್ಟೋ ಬೀದಿಗಳ ಚರಂಡಿ ವ್ಯವಸ್ಥೆ ಅಂದರೆ ಒಂದು ಪಿಟ್ ಮತ್ತು ಫೋನ್ ಮಾಡಿದರೆ ಬಂದು ಪಿಟ್ಟಿನ ಕೊಳಚೆ ಹೀರಿಕೊಂಡು ಹೋಗುವ ‘ಹನಿ ಸಕ್ಕರ್’ ಲಾರಿ. ಆ ಲಾರಿಯವನ ದರಪಟ್ಟಿ ಮಾತ್ರ ಬಲು ಸ್ಪಷ್ಟ. ಮನೆನಾ ಅಂಗಡಿನಾ ಅಂತ ಕೇಳುವುದಿಲ್ಲ. ಎಷ್ಟು ಲೋಡು ಅಂತ ಕೇಳುತ್ತಾನೆ. ಇಡೀ ಊರಿನಲ್ಲಿ ಹೊರಗೆ ಹೋಗುವುದನ್ನು ಅಳೆದು ದುಡ್ಡು ತೆಗೆದುಕೊಳ್ಳುವವನು ಅವನೊಬ್ಬನೇ.

ಅಳೆಯದೆ ಬಿಟ್ಟದ್ದು ಎಲ್ಲಿಗೆ ಹೋಯಿತು ಎನ್ನುವುದನ್ನು ಬೆಳ್ಳಂದೂರು ಕೆರೆ ನೊರೆ ಎಬ್ಬಿಸಿ ತೋರಿಸಿತು. ಯಾರೂ ಗಮನಿಸಲಿಲ್ಲ ಅಂತ 2017ರ ಫೆಬ್ರವರಿಯಲ್ಲಿ ಬೆಂಕಿಯನ್ನೂ ಹೊತ್ತಿಸಿಕೊಂಡಿತು. 2018ರ ಜನವರಿಯಲ್ಲಿ ಮತ್ತೊಮ್ಮೆ. ಆಗ ನೀರಿನ ಮೇಲಿನ ಬೆಂಕಿ ಆರಿಸಲು ಸೈನಿಕರು ಬರಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ದಂಡ ಹಾಕಿತು. 50 ಕೋಟಿಯನ್ನು 14ರಿಂದ ಭಾಗಿಸಿ ನೋಡಿ. ಮೂರೂವರೆ ಕೋಟಿಗೂ ಜಾಸ್ತಿ ಬಿಲ್ಲುಗಳ ಚರಂಡಿ ಶುಲ್ಕ. ಅಗ್ಗದ ಶುಲ್ಕದ ಬಾಕಿ ಹೀಗೆ ಒಟ್ಟಿಗೆ ಬರುತ್ತದೆ. ಬಂದ ಮೇಲೂ ಅದನ್ನು ಕಟ್ಟುವುದು ಸರ್ಕಾರದ ದುಡ್ಡಿನಿಂದಲೇ, ಅಂದರೆ ಅದೇ ಮನೆ, ಅದೇ ಅಂಗಡಿ.

ದೊಡ್ಡ ಅಪಾರ್ಟ್‌ಮೆಂಟಿನವರು ತಮ್ಮ ಕೊಳಚೆಯನ್ನು ತಾವೇ ಶುದ್ಧ ಮಾಡಿಕೊಳ್ಳಬೇಕು ಅಂತ ನಿಯಮ ಇದೆ. ಎಸ್‌ಟಿಪಿ ಅನ್ನುವ ಶುದ್ಧೀಕರಣ ಘಟಕ ಕಟ್ಟಿ, ಆಪರೇಟರಿಗೆ ಸಂಬಳ ಕೊಟ್ಟು, ಕರೆಂಟು ಸುಟ್ಟು ಶುದ್ಧ ಮಾಡುತ್ತಾರೆ. ಜಲಮಂಡಳಿಯ ಬಿಲ್ಲಿನಲ್ಲಿ ಒಳಚರಂಡಿ ಶುಲ್ಕವನ್ನೂ ಕಟ್ಟುತ್ತಾರೆ. ಎರಡು ಸಲ ದುಡ್ಡು ಕೊಟ್ಟದ್ದಕ್ಕೆ ರಸೀದಿ ಮಾತ್ರ ಎರಡು ಸಿಗುತ್ತದೆ.

ಈ ಮನೆ ಅಂಗಡಿಗಳ ಲೆಕ್ಕದಲ್ಲಿ ಎಲ್ಲೂ ಸೇರದ ಒಂದು ದರ ಇದೆ. ಕಟ್ಟಿಕೊಂಡ ಕೊಳವೆಗೆ ರಕ್ಷಣಾ ಸಾಧನ ಇಲ್ಲದೆ ಮನುಷ್ಯರನ್ನು ಇಳಿಸಬಾರದು ಅಂತ 2013ರ ಕಾಯ್ದೆ ಹೇಳುತ್ತದೆ. ಜೆಟ್ಟಿಂಗ್ ಯಂತ್ರ ಇದೆ, ಸಕ್ಕಿಂಗ್ ಯಂತ್ರ ಇದೆ. ಗಲ್ಲಿ ಚಿಕ್ಕದು, ಯಂತ್ರ ದೊಡ್ಡದು. ‘ಐನೂರು ರೂಪಾಯಿ ಕೊಟ್ಟರೆ ಯಾರಾದರೂ ಇಳೀತಾರೆ’ ಅನ್ನುವವರು ಇನ್ನೂ ಇದ್ದಾರೆ. ಇಳಿದವನು ವಾಪಸ್ ಬರದಿದ್ದರೆ ಮನೆಯವರಿಗೆ 30 ಲಕ್ಷ ರೂಪಾಯಿ ಪರಿಹಾರ ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿತು. ಅಂದಾಜಿಲ್ಲ, ಸ್ಲ್ಯಾಬಿಲ್ಲ, ದಶಾಂಶವಿಲ್ಲ. ಈ ಇಡೀ ವ್ಯವಹಾರದಲ್ಲಿ ನಿಖರವಾಗಿ ನಿಗದಿಯಾದ ದರ ಇದೊಂದೇ. ಅದನ್ನೂ ನ್ಯಾಯಾಲಯವೇ ನಿಗದಿ ಮಾಡಬೇಕಾಯಿತು.

ಇನ್ನು ಊರು ದಾಟಿದ ಮೇಲಿನ ಪ್ರಯಾಣ. ಕಾವೇರಿ ನೀರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪಿನ ಮೇಲೆ ಪಂಪು ಹತ್ತಿ ಮೇಲೇರಿ ಬರುತ್ತದೆ. ನಾವು ಮುಗಿಸಿದ ಮೇಲೆ ಇಳಿಜಾರು ಹಿಡಿಯುತ್ತದೆ. ಪೂರ್ವಕ್ಕೆ ಹರಿದದ್ದನ್ನು ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಕಳಿಸುತ್ತೇವೆ. ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಅನ್ನುವ ಈ ಯೋಜನೆಯ ಗುರಿ ದಿನಕ್ಕೆ 440 ದಶಲಕ್ಷ ಲೀಟರ್. ಬತ್ತಿದ ಕೆರೆ ತುಂಬಿತು, ಅದು ನಿಜ. ಎರಡು ಹಂತ ಸಾಲದು, ಮೂರನೇ ಹಂತದ ಶುದ್ಧೀಕರಣವೂ ಆಗಲಿ ಅಂತ ಅಲ್ಲಿಯವರು ಕೇಳುತ್ತಲೇ ಇದ್ದಾರೆ, ಅದೂ ನಿಜ. ಮೂರನೇ ಹಂತಕ್ಕೆ ದುಡ್ಡು ಎಲ್ಲಿಂದ? ನಮ್ಮ ಹಳೆಯ 14 ರೂಪಾಯಿ ಎರಡನೇ ಹಂತಕ್ಕೇ ಏದುಸಿರು ಬಿಡುತ್ತಿತ್ತು. ಕೋಲಾರದಿಂದ ಟೊಮೆಟೊ ಬಂದಾಗ ಮಾತ್ರ ನಾವು ಒಂದೊಂದನ್ನೂ ಒತ್ತಿ, ತಿರುಗಿಸಿ, ನೋಡಿ ಕೊಳ್ಳುತ್ತೇವೆ. ಗುಣಮಟ್ಟದಲ್ಲಿ ನಮಗೆ ರಾಜಿ ಇಲ್ಲ.

ಪಶ್ಚಿಮಕ್ಕೆ ಹರಿದದ್ದು ವೃಷಭಾವತಿ. ಅದು ಅರ್ಕಾವತಿಗೆ ಸೇರುತ್ತದೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ, ಕಾವೇರಿ ತಮಿಳುನಾಡಿಗೆ ಹೋಗುತ್ತದೆ. ಒಂದು ಹನಿ ನೀರೂ ಬಿಡುವುದಿಲ್ಲ ಅಂತ ನಾವು ಬಂದ್ ಮಾಡಿದ ದಿನವೂ ಬೆಂಗಳೂರಿಗರು ತಮ್ಮ ತಮ್ಮ ಬಾತ್‌ರೂಮಿನಿಂದ ಕೋಟ್ಯಂತರ ಲೀಟರ್ ಬಿಟ್ಟೇ ಬಿಟ್ಟಿದ್ದಾರೆ. ನದಿ ಕೊಳಕಾಗಿದೆ ಅಂತ ತಮಿಳುನಾಡು ಸುಪ್ರೀಂ ಕೋರ್ಟಿಗೂ ಹೋಗಿತ್ತು. ಹಾಗಾಗಿ ಮುಂದಿನ ಪರಿಷ್ಕರಣೆಯಲ್ಲಿ ಸರ್ಕಾರ ಒಂದು ಸಂದೇಹ ಬಗೆಹರಿಸಬೇಕು. ಹೊರ ರಾಜ್ಯಕ್ಕೆ ರಫ್ತಾಗುವ ಈ ಮಾಲಿಗೆ ಗೃಹ ಬಳಕೆ ದರವೋ, ಗೃಹೇತರವೋ? ರಫ್ತು ಅಂತಾದರೆ ಪ್ರೋತ್ಸಾಹಧನ ಕೇಳಲು ಪಿಜಿ ಓನರುಗಳು ಈಗಲೇ ಅರ್ಜಿ ಬರೆದಿಟ್ಟಿರಬಹುದು.