ಗಾಳಿಯ ಕಣ್ಣು, ಹಸುವಿನ ಕಣ್ಣು

ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ನಾನು ಬಾಡಿಗೆಗಿರುವ ಮನೆಯ ಕಿಟಕಿಯ ಚೌಕಟ್ಟನ್ನು ಸರಿಪಡಿಸಲು ಕಳೆದ ತಿಂಗಳು ಬಂದಿದ್ದ ವೃದ್ಧ ಬಡಗಿಯೊಬ್ಬರು, ‘ವಿಂಡೋ’ ಎಂದರೆ ಗಾಳಿಯ ಕಣ್ಣು, ಅದು ಸ್ಕ್ಯಾಂಡಿನೇವಿಯಾದಿಂದ ಕಡಲು ದಾಟಿ ದಂಡೆತ್ತಿ ಬಂದ ವೈಕಿಂಗರು ಈ ಊರಿಗೆ ಬಿಟ್ಟುಹೋದ ಮಾತು ಎಂದು ಕೆಲಸದ ನಡುವೆಯೇ ಹೇಳಿದರು. ನಿಘಂಟು ತೆರೆದು ನೋಡಿದರೆ ಅವರ ಮಾತು ನಿಜವಾಗಿತ್ತು. 866ರಲ್ಲಿ ಯಾರ್ಕನ್ನು ವಶಪಡಿಸಿಕೊಂಡ ಆ ಜನರ ಹಳೆಯ ನಾರ್ಸ್ ಭಾಷೆಯಲ್ಲಿ ‘ವಿಂಡ್’ ಎಂದರೆ ಗಾಳಿ, ‘ಔಗ’ ಎಂದರೆ ಕಣ್ಣು. ಇವೆರಡೂ ಕೂಡಿ ಆದ ಪದ 13ನೆಯ ಶತಮಾನದ ಹೊತ್ತಿಗೆ ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಂಡು, ಅಲ್ಲಿ ಮೊದಲೇ ಇದ್ದ, ‘ಕಣ್ಣುತೂತು’ ಎಂಬ ಅರ್ಥದ ಪದವನ್ನು ಕ್ರಮೇಣ ಹೊರದೂಡಿತು. ತೂತು ಎಂಬರ್ಥದ ಆ ಹಳೆಯ ಮಾತು ಈಗ ಮೂಗಿನ ಹೊಳ್ಳೆಯನ್ನು ಹೇಳುವ ‘ನಾಸ್ಟ್ರಿಲ್’ ಪದದ ತುದಿಯಲ್ಲಿ ಉಳಿದುಕೊಂಡಿದೆ.

ಇದನ್ನು ಓದುತ್ತಿದ್ದಂತೆ ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯ ಅಡಿಗೆಮನೆ ಕಣ್ಣೆದುರು ಬಂದಿತು. ಆಷಾಢದ ಮಳೆಯಲ್ಲಿ ಹಸಿ ಸೌದೆ ಹೊಗೆಯಾಡಿದಾಗಲೆಲ್ಲ ಅಜ್ಜಿ ಗೋಡೆಯ ಮೇಲ್ತುದಿಯ ಗವಾಕ್ಷಿಯತ್ತ ನೋಡುತ್ತಿದ್ದರು. ಗವಾಕ್ಷವೆಂದರೂ ಕಣ್ಣೇ, ಹಸುವಿನ ಕಣ್ಣು. ಸಂಬಂಧವೇ ಇಲ್ಲದ ಎರಡು ಸೀಮೆಗಳ ಜನ ಗೋಡೆಯ ತೆರಪಿನಲ್ಲಿ ಕಣ್ಣನ್ನೇ ಕಂಡರಲ್ಲ ಎಂಬ ಸಂತೋಷವನ್ನು ತಡೆಯಲಾರದೆ ಅಂದೇ ಊರಿಗೆ ಫೋನು ಮಾಡಿದೆ. ಕಾಲೇಜು ಓದುವ ಅಣ್ಣನ ಮಗ, “ಗವಾಕ್ಷಿ ಅಂದ್ರೆ ಯಾವ್ದು ಚಿಕ್ಕಪ್ಪ? ಮೇಲಿರೋ ವೆಂಟಿಲೇಟರಾ?” ಎಂದು ಕೇಳಿದ.

ಆ ಪ್ರಶ್ನೆ ನನ್ನನ್ನು ಬಹಳ ನೋಯಿಸಿತು. ಇಲ್ಲಿ ಬಡಗಿಯೊಬ್ಬರು ತಮ್ಮ ಕೈಕೆಲಸದ ಪದದ ಹುಟ್ಟನ್ನು ಅಕ್ಕರೆಯಿಂದ ಹೇಳುತ್ತಾರೆ. ನಾವಾದರೋ ಹತ್ತನೆಯ ತರಗತಿಯಲ್ಲಿ ಸಮಾಸ ಬಿಡಿಸಿ ಅಂಕ ಗಳಿಸುತ್ತೇವೆ, ಗವಾಕ್ಷಿ, ಬೆಳಕಿಂಡಿಗಳಂಥ ಮಾತುಗಳನ್ನು ಮನೆಯೊಳಗೆ ಬಳಸದೆ ಬಿಟ್ಟುಬಿಡುತ್ತೇವೆ. ಸಮಾಸವನ್ನು ನಾವು ಪರೀಕ್ಷೆಯ ಸಂಗತಿಯನ್ನಾಗಿ ಮಾಡಿದ್ದೇ ತಪ್ಪು ಎಂದು ಈಗಲೂ ನನಗೆ ಅನ್ನಿಸುತ್ತದೆ.

ಆದರೂ ಒಂದೆರಡು ಮಾತು ಹೇಳಲೇಬೇಕು. ನನ್ನೊಡನೆ ಕೆಲಸ ಮಾಡುವ ಇಲ್ಲಿನವರಲ್ಲಿ ನಾಲ್ವರನ್ನು ಕೇಳಿದೆ, ‘ವಿಂಡೋ’ದ ಮೂಲ ಒಬ್ಬರಿಗೂ ಗೊತ್ತಿರಲಿಲ್ಲ. ಊರಿನ ಮನೆಗೆ ಗ್ಯಾಸ್ ಬಂದ ಮೇಲೆ ಅತ್ತಿಗೆಯ ಕಣ್ಣು ಹೊಗೆಗೆ ಉರಿಯುವುದಿಲ್ಲ, ಹಾಗಾಗಿ ಗವಾಕ್ಷಿಯ ಹೆಸರೆತ್ತುವ ಸಂದರ್ಭವೂ ಆ ಹುಡುಗನಿಗೆ ಬಂದಿಲ್ಲ. ಮೇಲಾಗಿ ಅವನು ಆಡಿದ ‘ವೆಂಟಿಲೇಟರ್’ ಪದದ ಬುಡದಲ್ಲಿರುವುದು ಗಾಳಿ ಎಂಬ ಅರ್ಥದ ಲ್ಯಾಟಿನ್ನಿನ ‘ವೆಂಟಸ್’. ಮೊನ್ನೆ ಅದನ್ನು ಅವನಿಗೆ ತಿಳಿಸಿದಾಗ, ಹಾಗಾದರೆ ಗವಾಕ್ಷಿಯಲ್ಲಿ ಏನಿದೆ ಎಂದು ಅವನೇ ಕೇಳಿದ.