ಬರೆದು ಗಳಿಸುವ ದಾರಿಗಳು: ದರದ ಜೊತೆ ಕೇಳಬೇಕಾದ ಇನ್ನೊಂದು ಪ್ರಶ್ನೆ

ಅಂತರ್ಜಾಲದಲ್ಲಿ ಲೇಖನ ಬರೆದು ಹಣ ಗಳಿಸಬೇಕೆಂದಿರುವವರು, ಅದರಲ್ಲೂ ಈಗಷ್ಟೇ ಪದವಿ ಮುಗಿಸಿದವರು ಮತ್ತು ಮನೆಯಲ್ಲಿದ್ದುಕೊಂಡೇ ನಾಲ್ಕು ಕಾಸು ಸಂಪಾದಿಸುವ ಆಸೆಯುಳ್ಳವರು, ನನ್ನನ್ನು ಮೊದಲು ಕೇಳುವ ಪ್ರಶ್ನೆ ಒಂದೇ: ಒಂದು ಲೇಖನಕ್ಕೆ ಎಷ್ಟು ಕೊಡುತ್ತಾರೆ? ಅನುವಾದ ಮತ್ತು ಬರವಣಿಗೆಯಿಂದಲೇ ಸಂಸಾರ ತೂಗಿಸುತ್ತಿರುವ ನಾನು ದರದ ಪ್ರಶ್ನೆಯನ್ನು ಹಗುರವಾಗಿ ಕಾಣುವವನಲ್ಲ. ಆದರೆ ದರವೊಂದನ್ನೇ ಮುಂದಿಟ್ಟುಕೊಂಡು ಹೋಲಿಸಿದರೆ ಲೆಕ್ಕ ತಪ್ಪುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬರೆದ ಲೇಖನ ಎರಡು ವರ್ಷಗಳ ನಂತರ ಯಾರ ಸ್ವತ್ತಾಗಿರುತ್ತದೆ, ಅದನ್ನು ಓದಿದವರು ಯಾರ ಓದುಗರಾಗಿ ಉಳಿದಿರುತ್ತಾರೆ ಎಂಬುದನ್ನೂ ದರದ ಪಕ್ಕದಲ್ಲಿಟ್ಟು ನೋಡಬೇಕು.

ಎಲ್ಲರ ಬಾಯಲ್ಲೂ ಮೊದಲು ಬರುವುದು ಸ್ವಂತ ಬ್ಲಾಗ್ ಮತ್ತು ಅದರಲ್ಲಿ ಜಾಹೀರಾತು ತೋರಿಸಿ ಆ ಹಣದಲ್ಲಿ ಪಾಲು ಕೊಡುವ ಗೂಗಲ್ ಆಡ್‌ಸೆನ್ಸ್. ಭಾರತೀಯ ಭಾಷೆಗಳ ಪೈಕಿ ಆಡ್‌ಸೆನ್ಸ್ ಮೊದಲು ತೆರೆದುಕೊಂಡದ್ದು ಹಿಂದಿಗೆ, 2014ರಲ್ಲಿ. ಬಂಗಾಳಿಗೆ 2017ರಲ್ಲಿ, ತಮಿಳು ಮತ್ತು ತೆಲುಗಿಗೆ 2018ರಲ್ಲಿ ಅವಕಾಶ ಸಿಕ್ಕಿತು. ಕನ್ನಡದ ಸರದಿ ಬಂದದ್ದು ಆಮೇಲೆ. ಅಷ್ಟು ವರ್ಷ ಕನ್ನಡದಲ್ಲಿ ಬ್ಲಾಗ್ ಬರೆದವರು ಜಾಹೀರಾತಿನ ಹಣದ ಆಸೆಯಿಲ್ಲದೆಯೇ ಬರೆದರು. ಆ ಕಾಲದ ಕೆಲವು ಬರಹಗಳು ಇಂದಿಗೂ ಓದಿಸಿಕೊಳ್ಳುತ್ತವೆ. ಈಗ ಬಾಗಿಲೇನೋ ತೆರೆದಿದೆ, ಆದರೆ ಒಳಗಿನ ಲೆಕ್ಕ ಬಿಗಿಯಾಗಿದೆ. ಖಾತೆಯಲ್ಲಿ ನೂರು ಡಾಲರ್ ಸೇರುವವರೆಗೆ ಗೂಗಲ್ ಹಣ ಕಳುಹಿಸುವುದಿಲ್ಲ. ಸಾವಿರ ಪುಟವೀಕ್ಷಣೆಗೆ ನಲವತ್ತು ರೂಪಾಯಿ ಸಿಗುತ್ತದೆಂದು ಸುಮ್ಮನೆ ಭಾವಿಸಿಕೊಂಡರೂ, ಆ ನೂರು ಡಾಲರ್ ಮುಟ್ಟಲು ಎರಡು ಲಕ್ಷಕ್ಕೂ ಹೆಚ್ಚು ವೀಕ್ಷಣೆಗಳು ಬೇಕು. ಜಾಹೀರಾತಿನ ದರ ಹರಾಜಿನಲ್ಲಿ ನಿರ್ಧಾರವಾಗುವುದರಿಂದ, ವಿಮೆ, ಸಾಲ, ಉನ್ನತ ಶಿಕ್ಷಣದಂಥ ವಿಷಯಗಳ ಪುಟಗಳಿಗೆ ಹೆಚ್ಚು ಬೆಲೆ ಬರುತ್ತದೆಯೇ ಹೊರತು ಹಂಪಿಯ ಶಿಲ್ಪದ ಬಗ್ಗೆಯೋ ಮಲೆನಾಡಿನ ಅಣಬೆಗಳ ಬಗ್ಗೆಯೋ ತಿಂಗಳುಗಟ್ಟಲೆ ಓದಿ ಬರೆದ ಪುಟಕ್ಕಲ್ಲ.

ಈ ಹರಾಜು ಕನ್ನಡದ ಬರವಣಿಗೆಯನ್ನು ಯಾವ ಕಡೆಗೆ ಎಳೆದಿದೆ ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಜಾರಿಯಾದಂದಿನಿಂದ, ಎರಡು ಸಾವಿರ ರೂಪಾಯಿಯ ಮುಂದಿನ ಕಂತು ಯಾವಾಗ ಜಮೆಯಾಗುತ್ತದೆ ಎಂಬ ಒಂದೇ ಪ್ರಶ್ನೆಯನ್ನು ದಿನಕ್ಕೊಂದು ಶೀರ್ಷಿಕೆಯಲ್ಲಿ ತಿರುಗಿಸಿ ಬರೆಯುವ ತಾಣಗಳು ಎಷ್ಟಿವೆಯೆಂದು ಹುಡುಕಿ ನೋಡಿ. ಶೀರ್ಷಿಕೆಯಲ್ಲಿ ‘ಸಿಹಿ ಸುದ್ದಿ’ ಇರುತ್ತದೆ, ಮೊದಲ ಮುನ್ನೂರು ಪದಗಳಲ್ಲಿ ಯೋಜನೆಯ ಇತಿಹಾಸವಿರುತ್ತದೆ, ನಡುನಡುವೆ ನಾಲ್ಕು ಜಾಹೀರಾತುಗಳಿರುತ್ತವೆ, ಕೊನೆಯಲ್ಲಿ ‘ಅಧಿಕೃತ ಪ್ರಕಟಣೆಗಾಗಿ ಕಾಯಬೇಕು’ ಎಂಬ ಸಾಲಿರುತ್ತದೆ. ರೇಷನ್ ಕಾರ್ಡ್ ತಿದ್ದುಪಡಿ, ಬೆಳೆ ಪರಿಹಾರ, ನೇಮಕಾತಿ ಅಧಿಸೂಚನೆ ಎಲ್ಲದರ ಗತಿಯೂ ಇದೇ. ಇವನ್ನು ಬರೆಯುವ ಹುಡುಗ ಹುಡುಗಿಯರನ್ನು ನಾನು ದೂರುವುದಿಲ್ಲ, ಏಕೆಂದರೆ ಅವರಲ್ಲಿ ಹಲವರಿಗೆ ಲೇಖನದ ಲೆಕ್ಕದಲ್ಲಿ ಸಿಗುವುದು ಚಿಲ್ಲರೆ ಹಣ. ಅವರ ಹೆಸರೂ ಅಲ್ಲಿರುವುದಿಲ್ಲ. ಹೊರೆಗಟ್ಟಲೆ ತಯಾರಿಸಿದ ಇಂಥ ಸರಕನ್ನು ಹುಡುಕಾಟದಲ್ಲಿ ಕೆಳಕ್ಕೆ ತಳ್ಳುವ ನಿಯಮಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ಬಿಗಿಗೊಳಿಸಿತು. ಇಂಥ ನಿಯಮವೊಂದು ಬದಲಾದ ವಾರವೇ ತಾಣದ ಆದಾಯ ಕುಸಿಯುತ್ತದೆ, ಮಾಲೀಕ ಹೊಸ ಹೆಸರಿನಲ್ಲಿ ಇನ್ನೊಂದು ತಾಣ ತೆರೆಯುತ್ತಾನೆ, ಬರೆದವರ ಕೈಯಲ್ಲಿ ತೋರಿಸಿಕೊಳ್ಳಲು ಒಂದು ಕೊಂಡಿಯೂ ಉಳಿಯುವುದಿಲ್ಲ.

ಹಾಗೆಂದು ಸ್ವಂತ ತಾಣ ಬೇಡವೆಂದು ನಾನು ಹೇಳುತ್ತಿಲ್ಲ. ತಾಣದ ವಿಳಾಸವಾದ ಡೊಮೈನ್ ಹೆಸರಿಗೂ ತಾಣವನ್ನು ಇಡುವ ಹೋಸ್ಟಿಂಗ್‌ಗೂ ವರ್ಷಕ್ಕೆ ಕೆಲವು ಸಾವಿರ ರೂಪಾಯಿ ಖರ್ಚಾಗುತ್ತದೆ; ಅದನ್ನು ಆದಾಯದ ಮೂಲವೆಂದು ನೋಡದೆ ನಿಮ್ಮ ಕೆಲಸವನ್ನು ತೋರಿಸುವ ಜಾಗವೆಂದು ನೋಡಿದರೆ ಆ ಖರ್ಚು ಸಾರ್ಥಕ. ನನಗೆ ಬಂದಿರುವ ಒಳ್ಳೆಯ ಕೆಲಸಗಳಲ್ಲಿ ಬಹುಪಾಲು, ನನ್ನ ತಾಣದ ಯಾವುದೋ ಹಳೆಯ ಲೇಖನವನ್ನು ಓದಿದವರಿಂದಲೇ ಬಂದವು.

ಇನ್ನೊಂದು ದಾರಿ, ದೊಡ್ಡ ಕಂಪನಿಗಳ ವೇದಿಕೆಗಳಲ್ಲಿ ಬರೆದು ಅವರು ಹಂಚುವ ಹಣದಲ್ಲಿ ಪಾಲು ಪಡೆಯುವುದು. ಇದು ಬೇರೆಯವರ ಹೊಲದಲ್ಲಿ ಬಾವಿ ತೋಡಿದ ಹಾಗೆ. ನೀರು ಬಂದರೂ ಹೊಲ ಅವರದೇ. ಯುಸಿ ನ್ಯೂಸ್ ಎಂಬ ಆ್ಯಪ್ ಹಲವು ಭಾರತೀಯ ಭಾಷೆಗಳ ಬರಹಗಾರರಿಗೆ ಓದುಗರ ಸಂಖ್ಯೆಯ ಮೇಲೆ ಹಣ ಕೊಡುತ್ತಿದ್ದ ಕಾಲವೊಂದಿತ್ತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಒಂದಾಗಿತ್ತು. ನಿಷೇಧದ ಸರಿ ತಪ್ಪಿನ ಚರ್ಚೆ ಇಲ್ಲಿ ಬೇಡ. ಅಲ್ಲಿಯೇ ಬರೆದು, ಅಲ್ಲಿಯೇ ಓದುಗರನ್ನು ಕೂಡಿಸಿಕೊಂಡಿದ್ದವರು ಮರುದಿನದಿಂದ ಎಲ್ಲವನ್ನೂ ಹೊಸದಾಗಿ ಆರಂಭಿಸಬೇಕಾಯಿತು ಎಂಬುದಷ್ಟೇ ನನ್ನ ಮಾತಿಗೆ ಬೇಕಾದದ್ದು. ಫೇಸ್‌ಬುಕ್‌ನ ಇನ್‌ಸ್ಟಂಟ್ ಆರ್ಟಿಕಲ್ಸ್, ಅಂದರೆ ಬೇರೆ ತಾಣಗಳ ಲೇಖನಗಳನ್ನು ತನ್ನೊಳಗೇ ತೆರೆದು ಓದಿಸುವ ವ್ಯವಸ್ಥೆ, 2015ರಲ್ಲಿ ಅಬ್ಬರದಿಂದ ಬಂದು 2023ರಲ್ಲಿ ನಿಂತುಹೋಯಿತು. ಇದೇ ಫೇಸ್‌ಬುಕ್ 2024ರ ಕೊನೆಯಲ್ಲಿ ತನ್ನ ಆದಾಯ ಹಂಚಿಕೆಯ ವ್ಯವಸ್ಥೆಗಳನ್ನೆಲ್ಲ ಒಂದುಗೂಡಿಸಿ, ಬರೀ ಅಕ್ಷರಗಳ ಪೋಸ್ಟ್‌ಗೂ ಹಣ ಕೊಡುವ ಯೋಜನೆಯನ್ನು ಶುರು ಮಾಡಿತು. ಅದರ ಪರಿಣಾಮವನ್ನು ನೀವೂ ಗಮನಿಸಿರಬಹುದು: ಯಾರದೋ ಅಜ್ಜಿಯ ಕಥೆ, ಎಲ್ಲಿಂದಲೋ ಎತ್ತಿದ ಭಾವುಕ ಪ್ರಸಂಗ, ಕೊನೆಯಲ್ಲಿ ‘ನಿಮ್ಮ ಅಭಿಪ್ರಾಯ ತಿಳಿಸಿ’.

ಇಂಗ್ಲಿಷಿನಲ್ಲಿ ಬರೆಯಬಲ್ಲ ಕನ್ನಡಿಗರು ಮೀಡಿಯಂ, ಸಬ್‌ಸ್ಟ್ಯಾಕ್‌ಗಳಂಥ, ಓದುಗರ ಚಂದಾ ಹಣದಿಂದ ನಡೆಯುವ ತಾಣಗಳ ಬಗ್ಗೆ ಕೇಳುತ್ತಾರೆ. ಸಬ್‌ಸ್ಟ್ಯಾಕ್ ತೆಗೆದುಕೊಳ್ಳುವುದು ಚಂದಾ ಹಣದ ಶೇ 10 ಮಾತ್ರ, ಓದುಗರ ಇಮೇಲ್ ಪಟ್ಟಿ ಬರಹಗಾರರ ಕೈಯಲ್ಲೇ ಇರುತ್ತದೆ. ನನ್ನ ಅಳತೆಯಲ್ಲಿ ಇದು ಬಹಳ ಮೇಲಿನ ಸ್ಥಾನದಲ್ಲಿರಬೇಕಾದ ದಾರಿ. ತೊಡಕಿರುವುದು ಹಣ ಪಾವತಿಯಲ್ಲಿ. ಅದು ನಡೆಯುವುದು ಸ್ಟ್ರೈಪ್ ಎಂಬ ಪಾವತಿ ಕಂಪನಿಯ ಮೂಲಕ, ಸ್ಟ್ರೈಪ್ ಭಾರತದಲ್ಲಿ 2024ರಿಂದ ಆಹ್ವಾನವಿದ್ದವರಿಗೆ ಮಾತ್ರ ಹೊಸ ಖಾತೆ ಕೊಡುತ್ತಿದೆ. ಅಮೆರಿಕದಲ್ಲೋ ಬ್ರಿಟನ್‌ನಲ್ಲೋ ನೆಲೆಸಿರುವ ಕನ್ನಡಿಗರಿಗೆ ಸುಲಭವಾಗಿರುವ ದಾರಿ, ಧಾರವಾಡದಲ್ಲಿ ಕುಳಿತವರಿಗೆ ಹೀಗೆ ಅರ್ಧದಲ್ಲೇ ಮುಚ್ಚಿಕೊಳ್ಳುತ್ತದೆ.

ಕನ್ನಡದ ಓದುಗರೇ ನೇರವಾಗಿ ಹಣ ಕೊಡುವ ವ್ಯವಸ್ಥೆ ಇಲ್ಲವೇ ಎಂದರೆ, ಇದೆ. 2014ರಲ್ಲಿ ಆರಂಭವಾದ, ಬೆಂಗಳೂರಿನ ಪ್ರತಿಲಿಪಿ ಎಂಬ ಕಥೆಗಳ ಆ್ಯಪ್‌ನಲ್ಲಿ ಓದುಗರು ಚಂದಾ ಕಟ್ಟಿಯೋ ಆ್ಯಪ್‌ನೊಳಗಿನ ನಾಣ್ಯಗಳನ್ನು ಕೊಂಡೋ ಓದುತ್ತಾರೆ, ಅದರಲ್ಲಿ ಲೇಖಕರಿಗೆ ಪಾಲು ಸಿಗುತ್ತದೆ. ಆದರೆ ಅಲ್ಲಿ ಹಣ ತರುವುದು ಲೇಖನವಲ್ಲ, ಕಂತುಕಂತಾಗಿ ಮುಂದುವರಿಯುವ ಧಾರಾವಾಹಿ. ಪ್ರತಿ ಕಂತಿನ ಕೊನೆಗೂ ಒಂದು ಕುತೂಹಲದ ಗಂಟು ಹಾಕುವ ಕಲೆ ಇದ್ದವರು ಅಲ್ಲಿ ನಿಜವಾಗಿಯೂ ಗಳಿಸಬಲ್ಲರು. ಈ ಬಗೆಯ ಬರವಣಿಗೆಯನ್ನು ಕೀಳಾಗಿ ಕಾಣುವ ಸಾಹಿತ್ಯವಲಯದ ಬಿಗುಮಾನ ನನಗೆ ಅರ್ಥವಾಗುವುದಿಲ್ಲ. ಲೇಖನ ಬರೆಯುವವರಿಗೆ ಹೊಂದುವುದು ಬರಹಗಳನ್ನು ಒಟ್ಟುಗೂಡಿಸಿ ಇ-ಪುಸ್ತಕ ಮಾಡುವುದು. ಅಮೆಜಾನ್ 2016ರಲ್ಲಿ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳನ್ನು ಸೇರಿಸಿದಾಗ ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಕನ್ನಡದ ಇ-ಪುಸ್ತಕಗಳಿಗೆ ಗೂಗಲ್ ಪ್ಲೇ ಬುಕ್ಸ್ ಮತ್ತು ಮೈಲ್ಯಾಂಗ್‌ನಂಥ ಆ್ಯಪ್‌ಗಳು ನೆಲೆಯಾದವು. ಗಳಿಕೆ ನಿಧಾನ, ಆದರೆ ಪುಸ್ತಕ ನಿಮ್ಮದಾಗಿಯೇ ಉಳಿಯುತ್ತದೆ.

ಇನ್ನು ಕೂಲಿಯ ದಾರಿ: ಕಂಟೆಂಟ್ ಏಜೆನ್ಸಿ, ಸುದ್ದಿ ತಾಣ, ಕಂಪನಿಗಳ ಜಾಹೀರಾತು ಬರಹ, ಆ್ಯಪ್‌ಗಳ ಕನ್ನಡೀಕರಣ. ಇದನ್ನು ಕೂಲಿ ಎಂದು ಕರೆಯಲು ನನಗೆ ಸಂಕೋಚವಿಲ್ಲ, ಏಕೆಂದರೆ ನನ್ನ ಮನೆಯ ಅಕ್ಕಿ ಬೇಳೆ ಬರುವುದು ಇದರಿಂದಲೇ. ಪದಕ್ಕಿಷ್ಟು ಪೈಸೆ ಎಂಬ ದರದಲ್ಲಿ ಲೇಖನ ಬರೆಸುವ ಏಜೆನ್ಸಿಗಳು ಕೆಳಗಿನ ಮೆಟ್ಟಿಲು. ಅದಕ್ಕಿಂತ ಮೇಲಿನದು ವಿಷಯ ತಿಳಿದವರು ಮಾಡುವ ಕೆಲಸ: ಬ್ಯಾಂಕಿನ ಕರಾರು ಪತ್ರ, ಔಷಧಿಯ ಬಳಕೆಯ ಸೂಚನೆ, ಕೃಷಿ ಯಂತ್ರದ ಕೈಪಿಡಿ ಇವನ್ನು ತಪ್ಪಿಲ್ಲದೆ ಕನ್ನಡದಲ್ಲಿ ಬರೆಯಬಲ್ಲವರು ಇಂದಿಗೂ ಕಡಿಮೆ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಸೇರಿದ್ದು 2011ರಲ್ಲಿ. ಆಗ ಅದರ ವಾಕ್ಯಗಳನ್ನು ಓದಿ ನಗುತ್ತಿದ್ದೆವು. ಈಗ ಯಂತ್ರ ಮಾಡಿದ ಅನುವಾದವನ್ನು ತಿದ್ದಿಕೊಡಿ ಎಂಬ ಕೆಲಸವೇ ಹೆಚ್ಚು, ಅದರ ದರ ಹೊಸ ಅನುವಾದದ ದರಕ್ಕಿಂತ ಬಹಳ ಕಡಿಮೆ. ಆದರೆ ಕೆಟ್ಟ ಯಂತ್ರಾನುವಾದವನ್ನು ತಿದ್ದಲು ಹೊಸದಾಗಿ ಮಾಡುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದುಂಟು. ಹೀಗಾಗಿ ಮಾದರಿ ಪುಟ ನೋಡದೆ ನಾನು ದರಕ್ಕೆ ಒಪ್ಪುವುದಿಲ್ಲ. ಗಿರಾಕಿಗಳನ್ನು ಕೂಡಿಸಿಕೊಡುವ ಫೈವರ್‌ನಂಥ ತಾಣದ ಮೂಲಕ ಕೆಲಸ ಹಿಡಿಯುವವರು ಗಳಿಕೆಯ ಶೇ 20 ಆ ತಾಣಕ್ಕೇ ಹೋಗುತ್ತದೆ ಎಂಬುದನ್ನು ದರ ಹೇಳುವಾಗಲೇ ಸೇರಿಸಿಕೊಳ್ಳಬೇಕು.

ಹಕ್ಕಿನ ವಿಷಯದಲ್ಲಿ ಬಹಳ ಬರಹಗಾರರು, ಹಣ ತೆಗೆದುಕೊಂಡ ಮೇಲೆ ಮುಗಿಯಿತು, ಎಲ್ಲವೂ ಅವರದೇ ಎಂದುಕೊಂಡಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆ ಹಾಗೆ ಹೇಳುವುದಿಲ್ಲ. ಸಂಬಳಕ್ಕೆ ಇರುವ ನೌಕರ ಕೆಲಸದ ಭಾಗವಾಗಿ ಬರೆದದ್ದರ ಮಾತು ಬೇರೆ. ಫ್ರೀಲಾನ್ಸ್ ಆಗಿ ಬರೆದ ಲೇಖನದ ಮೊದಲ ಹಕ್ಕುದಾರ ಬರೆದವನೇ. ಆ ಹಕ್ಕನ್ನು ಬೇರೆಯವರಿಗೆ ವಹಿಸಿಕೊಡಬೇಕಾದರೆ ಅದು ಬರಹದಲ್ಲಿರಬೇಕು, ವಹಿಸಿಕೊಡುವವರ ಸಹಿ ಇರಬೇಕು. ಎಷ್ಟು ವರ್ಷಕ್ಕೆ ಎಂದು ನಮೂದಿಸದಿದ್ದರೆ ಐದು ವರ್ಷಕ್ಕೆ ಮಾತ್ರ, ಯಾವ ಪ್ರದೇಶಕ್ಕೆ ಎಂದು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು 19ನೇ ಸೆಕ್ಷನ್ ಹೇಳುತ್ತದೆ. ಹಕ್ಕು ಕೊಟ್ಟ ನಂತರವೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರ 57ನೇ ಸೆಕ್ಷನ್ ಪ್ರಕಾರ ಲೇಖಕನಲ್ಲೇ ಉಳಿಯುತ್ತದೆ. ‘ಎಲ್ಲ ಹಕ್ಕುಗಳೂ ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂಬ ಸಾಲು ಅನೇಕ ಕರಾರುಗಳಲ್ಲಿ ಇರುವುದು ಇದೇ ಕಾರಣಕ್ಕೆ: ಬರೆದು ಹಾಕದಿದ್ದರೆ ಅಷ್ಟೆಲ್ಲ ಅವರಿಗೆ ಸಿಗುವುದಿಲ್ಲ. ಆ ಸಾಲಿಗೆ ಬೇರೆ ಬೆಲೆ ಕೇಳಿ. ಜಾಹೀರಾತು ಬರಹಕ್ಕಾದರೆ ನಾನು ಸುಮ್ಮನೆ ಸಹಿ ಹಾಕುತ್ತೇನೆ. ಅದನ್ನು ಇಟ್ಟುಕೊಂಡು ನನಗೇನೂ ಆಗಬೇಕಾಗಿಲ್ಲ. ಮುಂದೆ ಪುಸ್ತಕವಾಗಬಹುದಾದ ಲೇಖನಕ್ಕೆ ಹಾಗೆ ಸಹಿ ಹಾಕುವುದಿಲ್ಲ, ಮರುಮುದ್ರಣದ ಹಕ್ಕನ್ನು ಉಳಿಸಿಕೊಳ್ಳುತ್ತೇನೆ.

ಕಂಪನಿಗಳಿಂದ ಹಣ ಪಡೆದು ಅವರ ವಸ್ತುವಿನ ಬಗ್ಗೆ ಬರೆಯುವ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಣ ಪಡೆದದ್ದನ್ನು ಓದುಗರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ ಮಾರ್ಗಸೂಚಿ ಹೊರಡಿಸಿದೆ, ಬಚ್ಚಿಟ್ಟರೆ ದಂಡಕ್ಕೂ ಅವಕಾಶವಿದೆ. ಮೊದಲು ನಿಮ್ಮಿಂದಲೇ ನೋಂದಣಿ ಶುಲ್ಕ ಕೇಳುವ ‘ಮನೆಯಿಂದಲೇ ಟೈಪಿಂಗ್’ ಕೆಲಸಗಳಂತೂ ದಾರಿಯೇ ಅಲ್ಲ. ತಪ್ಪು ಹೆಚ್ಚಾಗಿದೆ, ಕರಾರು ಮುರಿದಿದ್ದೀರಿ ಎಂದು ವಕೀಲರ ಹೆಸರಿನ ನೋಟಿಸ್ ಕಳುಹಿಸಿ ಹಣ ಕೀಳುವುದು ಅವರ ಪದ್ಧತಿ. ಹೆದರಿ ಕೊಡಬೇಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇಷ್ಟನ್ನೂ ನೋಡಿದ ಮೇಲೆ ನನ್ನ ಆಯ್ಕೆ ಇದು: ಹೊಟ್ಟೆಗೆ ಅನುವಾದ ಮತ್ತು ವಿಷಯಜ್ಞಾನದ ಬರವಣಿಗೆ, ಉಳಿಕೆಗೆ ಸ್ವಂತ ತಾಣ ಮತ್ತು ಅದರಿಂದ ಹುಟ್ಟುವ ಪುಸ್ತಕ, ಧಾರಾವಾಹಿಯ ಕೈಗುಣವಿದ್ದರೆ ಓದುಗರ ಚಂದಾ. ವೇದಿಕೆಗಳ ಪಾಲು ಬಂದರೆ ಬರಲಿ, ಅದನ್ನು ನಂಬಿ ಕೆಲಸ ಬಿಡುವುದು ಬೇಡ. ಕೂಲಿಯ ದಾರಿ ಹಿಡಿಯುವವರು ಹಣ ತಡವಾಗುವ ಕಾಟಕ್ಕೂ ಸಿದ್ಧರಾಗಿರಬೇಕು. ಕೆಲಸ ಶುರುಮಾಡುವ ಮೊದಲೇ ದರ, ಗಡುವು, ಎಷ್ಟು ಬಾರಿ ತಿದ್ದಿಕೊಡಬೇಕು, ಹಣ ಯಾವ ದಿನ ಬರಬೇಕು ಎಂಬುದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಕೇಂದ್ರ ಸರ್ಕಾರದ ಉದ್ಯಮ್ ತಾಣದಲ್ಲಿ ಸೇವಾ ವಲಯದ ಕಿರು ಉದ್ಯಮವಾಗಿ ನೋಂದಾಯಿಸಿಕೊಳ್ಳುವುದು ಉಚಿತ, ಆ ಸಂಖ್ಯೆಯನ್ನು ಬಿಲ್ ಮೇಲೆ ಹಾಕಬಹುದು. ಕಿರು, ಸಣ್ಣ, ಮಧ್ಯಮ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ನೋಂದಾಯಿತ ಕಿರು ಉದ್ಯಮಕ್ಕೆ ಕೊಡಬೇಕಾದ ಹಣವನ್ನು, ಒಪ್ಪಂದದಲ್ಲಿ ಏನೇ ಇದ್ದರೂ, 45 ದಿನ ಮೀರಿ ಹಿಡಿದಿಟ್ಟುಕೊಳ್ಳುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಘೋಷಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಸೇರಿಸಿ ಕೊಡಬೇಕು. ಹಾಗೆ ಹಾಕಿದ ಬಿಲ್‌ಗಳಿಗೆ ಅಕೌಂಟ್ಸ್ ವಿಭಾಗದವರು ಬೇಗ ಉತ್ತರಿಸುವುದನ್ನು ನಾನು ಕಂಡಿದ್ದೇನೆ.