ಬೆಳ್ಳಿ ನಾಣ್ಯ ಕಪ್ಪಾಗದಿದ್ದರೆ ಅಣಬೆ ತಿನ್ನಬಹುದೇ? ಒಂದು ಸ್ಪಷ್ಟನೆ

ಮಳೆ ಹಿಡಿದ ಮೇಲೆ ಧಾರವಾಡ, ಕಲಘಟಗಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಕಾಡಿನ ಅಣಬೆಯನ್ನು ಬೆಳ್ಳಿ ನಾಣ್ಯ, ಬೆಳ್ಳುಳ್ಳಿ ಹಾಕಿ ಕುದಿಸಿ. ನಾಣ್ಯ ಕಪ್ಪಾಗದಿದ್ದರೆ ವಿಷವಿಲ್ಲ. ಹುಳ ತಿಂದ ಅಣಬೆಯಂತೂ ಖಂಡಿತ ಒಳ್ಳೆಯದು." ಎರಡೂ ತಪ್ಪು. ಮೊದಲ ಸಲ ಅಣಬೆ ಹುಡುಕಲು ಹೊರಟವರು ಇದನ್ನು ನಂಬಿದರೆ ಜೀವಕ್ಕೇ ಕುತ್ತು.

ಬೆಳ್ಳಿ ಕಪ್ಪಾಗುವುದು ಗಂಧಕದ ಅಂಶದಿಂದ. ಅದು ಬೆಳ್ಳುಳ್ಳಿಯಲ್ಲೇ ಇದೆ. ಮಾರಕ ಅಣಬೆಗಳಲ್ಲಿರುವ ಅಮಾಟಾಕ್ಸಿನ್ ಎಂಬ ವಿಷ ಬೆಳ್ಳಿಯ ಬಣ್ಣ ಬದಲಿಸುವುದಿಲ್ಲ. ಕುದಿಸಿದರೂ ಒಣಗಿಸಿದರೂ ನಾಶವಾಗುವುದಿಲ್ಲ. ಬಸವನಹುಳಕ್ಕೆ ಏನೂ ಮಾಡದ ಅಣಬೆ ಮನುಷ್ಯನ ಲಿವರ್ ಕೆಡಿಸಬಲ್ಲದು. ವಾಂತಿ-ಭೇದಿ ಶುರುವಾಗುವುದೇ ಸಾಮಾನ್ಯವಾಗಿ 6ರಿಂದ 12 ತಾಸಿನ ನಂತರ. ಆಮೇಲೆ ರೋಗಿ ಹುಷಾರಾದಂತೆ ಕಾಣುತ್ತಾನೆ, ಒಳಗೆ ಲಿವರ್ ಹಾಳಾಗುತ್ತಲೇ ಇರುತ್ತದೆ. ಅತಿ ಹೆಚ್ಚು ಹೆದರಬೇಕಾದದ್ದು ಈ ಹುಸಿ ಚೇತರಿಕೆಗೆ. ಮನೆಯವರು ಆಸ್ಪತ್ರೆ ಬೇಡವೆನ್ನುವುದು ಆಗಲೇ.

ನಮ್ಮ ಹಿರಿಯರು ಹುತ್ತದ ಅಣಬೆ ತಿನ್ನುತ್ತಾ ಬಂದಿರುವುದು ನಿಜ. ಅದರ ಬೇರಿನಂಥ ಉದ್ದನೆಯ ಬುಡ ಗೆದ್ದಲಿನ ಗೂಡಿನವರೆಗೆ ಇಳಿದಿರುತ್ತದೆ. ವಿಷದ ಅಮಾನಿಟಾ ಅಣಬೆಗಳ ಬುಡದಲ್ಲಿ ಚೀಲದಂಥ ಹೊದಿಕೆ ಇರುತ್ತದೆ, ಅದೂ ಬಹುಪಾಲು ಮಣ್ಣಲ್ಲೇ ಹೂತಿರುತ್ತದೆ. ಹಾಗಾಗಿ ಮೇಲಿಂದ ಕೊಯ್ದು ತಂದ ಅಣಬೆಯಲ್ಲಿ ಮುಖ್ಯ ಗುರುತೇ ಕಾಣುವುದಿಲ್ಲ. ಬುಡಸಮೇತ ಎಬ್ಬಿಸಿ, ಬಲ್ಲವರಿಗೆ ತೋರಿಸಿ. ಫೋಟೋ ಸಾಲದು. ಮೊದಲ ಸಲ ನೋಡಿ ಕಲಿಯಲಷ್ಟೇ ಹೋಗುವುದು ಲೇಸು.

ಗದಗಿನ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅಲ್ಲಿ ಅನುಮತಿಯಿಲ್ಲದೆ ಏನನ್ನೂ ಕೀಳುವಂತಿಲ್ಲ.

ಯಾರಾದರೂ ಗುರುತಿಲ್ಲದ ಅಣಬೆ ತಿಂದಿದ್ದರೆ ಲಕ್ಷಣಕ್ಕಾಗಿ ಕಾಯಬೇಡಿ. ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿಕೊಂಡು ಕೂಡಲೇ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ, ತಿಂದ ಹೊತ್ತನ್ನು ವೈದ್ಯರಿಗೆ ತಿಳಿಸಿ.